ಕತ್ತರಿಸಿ ತೆಗೆದ ಮಾತು

ಸ್ವಂತದ್ದೊಂದು ವೆಬ್‌ಸೈಟ್ ಇರಬೇಕು ಎನ್ನುವುದು ಗಂಗೋತ್ರಿಗೆ ಮಡಕಶಿರದ ಕಾಲೇಜಿನಲ್ಲಿ ಓದುವಾಗಿನಿಂದ ಇದ್ದ ಆಸೆ. ಅದರಲ್ಲಿ ಏನು ಹಾಕಬೇಕು ಎನ್ನುವುದು ಮಾತ್ರ ಆಗ ಹೊಳೆದಿರಲಿಲ್ಲ. ಅವಳು ಗುಡಿಬಂಡೆ ಹತ್ತಿರದ ಹಳ್ಳಿಯವಳು. ಓದು ಮುಗಿಸಿ, ರಾಯದುರ್ಗದ ಹನುಮಂತರಾಯನನ್ನು ಮದುವೆಯಾಗಿ ಬಂದು, ಊರಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಕೆಲಸಕ್ಕೆ ಸೇರಿದಳು. ಹನುಮಂತರಾಯ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಒಳ್ಳೆಯವನೇ. ಆದರೆ ಹೆಂಡತಿಯ ಆಸೆ ಕೇಳಿ, ವೆಬ್‌ಸೈಟ್ ಇಟ್ಟುಕೊಂಡು ಏನು ಮಾರುತ್ತೀಯ ಅಂದಿದ್ದ.

ಅನಂತಪುರದ ಒಬ್ಬರನ್ನು ವಿಚಾರಿಸಿದರೆ ವರ್ಷ ವರ್ಷಕ್ಕೂ ಬಾಡಿಗೆ ಕಟ್ಟಬೇಕು ಅಂದರು. ಪುಕ್ಕಟೆ ಸಿಗುವ ಕಡೆ ಹೋದರೆ ಅವಳ ಬರಹದ ನಡುವೆ ಅವರು ತಮ್ಮ ಜಾಹೀರಾತು ತುರುಕುತ್ತಿದ್ದರು. ದಸರಾ ರಜೆಯಲ್ಲಿ ಕೂತು ಹುಡುಕಿದಾಗ ಮೂರನೆಯ ದಾರಿ ಸಿಕ್ಕಿತು. ಕ್ಲೌಡಿನಲ್ಲಿ ಫೈಲುಗಳನ್ನು ಇಟ್ಟುಕೊಳ್ಳಲು ಜಾಗ ಕೊಡುವ ದೊಡ್ಡ ಕಂಪನಿಗಳಿವೆಯಲ್ಲ, ಆ ಜಾಗವನ್ನೇ ವೆಬ್‌ಸೈಟಿನ ಹಾಗೆ ತೋರಿಸು ಎಂದು ಹೇಳಿಬಿಟ್ಟರೆ ಸಾಕು. ಬೇರೆ ಸರ್ವರ್ ಬೇಡ, ನೋಡಿಕೊಳ್ಳುವವರು ಬೇಡ. ಪುಟಗಳು ಸರಳವಾಗಿರಬೇಕು, ಅಷ್ಟೆ. ಎಷ್ಟು ಇಟ್ಟಿದ್ದೀವಿ, ನೋಡುವವರು ಎಷ್ಟು ಇಳಿಸಿಕೊಂಡರು ಎನ್ನುವುದರ ಮೇಲೆ ಬಿಲ್ಲು. ಸಣ್ಣ ಸೈಟಿಗೆ ತಿಂಗಳಿಗೆ ಒಂದು ಟೀ ಖರ್ಚು ಬಂದರೆ ಹೆಚ್ಚು. ಗಂಡನ ಕಾರ್ಡಿನ ನಂಬರು ಕೊಟ್ಟು, ಎರಡು ದಿನ ಕಣ್ಣು ಕೆಂಪಾಗಿಸಿಕೊಂಡು, ಗಂಗೋತ್ರಿ ತನ್ನ ಮೊದಲ ಪುಟವನ್ನು ನಿಲ್ಲಿಸಿದಳು. ಅದರಲ್ಲಿ ಅವಳ ಹೆಸರು, ಊರು, 'ಇಲ್ಲಿ ಎಲ್ಲವೂ ಕನ್ನಡದಲ್ಲಿ' ಎಂಬ ಒಂದು ಸಾಲು. ರಾಯದುರ್ಗ ಆಂಧ್ರಕ್ಕೆ ಸೇರಿದ ಊರು, ಶಾಲೆಯಲ್ಲಿ ಅವಳು ಹೇಳಿಕೊಡುವುದೆಲ್ಲ ಇಂಗ್ಲಿಷು, ತೆಲುಗು. ಮನೆಯ ಮಾತಿಗೆ ಒಂದು ಜಾಗ ಆಗಲಿ ಎಂಬ ಹಟ ಅದು.

ಆ ಜಾಗದಲ್ಲಿ ಹಾಕಲು ಮಾತು ಕೊಟ್ಟವಳು ಪಕ್ಕದ ಮನೆಯ ಚಿನ್ನಕ್ಕ.

ಚಿನ್ನಕ್ಕ ಬೆಳುಗುಪ್ಪ ಕಡೆಯ ಕುರಿ ಸಾಕುವವರ ಮನೆಯ ಹೆಣ್ಣು. ಮದುವೆಯಾಗುವ ತನಕ, ಆದ ಮೇಲೂ, ಕುರಿ ಹಿಂದೆ ತಿರುಗಿದವಳು. ಗಂಡ ಸತ್ತ ಮೇಲೆ ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವುದು ಕಲಿತಳು. ಊರಿನ ಅರ್ಧ ಜನ ಬದುಕುವುದು ಜೀನ್ಸ್ ಮೇಲೆಯೇ. ಅವಳು ಉಜ್ಜಿನಪ್ಪ ಎನ್ನುವವನ ಹೊಲಿಗೆ ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತಿದ್ದಳು. ಸಂಜೆ ಮನೆಗೆ ಒಂದು ಕಟ್ಟು ಪ್ಯಾಂಟು ತಂದು, ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು, ಉಳಿದ ದಾರಗಳನ್ನು ಕತ್ತರಿಸುತ್ತ ಮಾತಾಡುತ್ತಿದ್ದಳು. ಕೇಳುವವರಿದ್ದರೂ ಸರಿ, ಇಲ್ಲದಿದ್ದರೂ ಸರಿ. ಗಂಗೋತ್ರಿಯ ಮಡಕಶಿರದ ಮಾತು ಅವಳಿಗೆ ತಮಾಷೆ. ನಿಮ್ಮ ಕಡೆಯವರು ಯಾರಿಗೂ 'ರೀ' ಹಚ್ಚುವುದಿಲ್ಲ, ದೇವರಿಗಾದರೂ ಹಚ್ಚುತ್ತೀರೋ ಇಲ್ಲವೋ ಎಂದು ಕೇಳುತ್ತಿದ್ದಳು.

ಒಂದು ಸಂಜೆ ಗಂಗೋತ್ರಿ ಫೋನನ್ನು ಪ್ಯಾಂಟಿನ ರಾಶಿಯ ಮೇಲಿಟ್ಟು, ಕುರಿಯ ಕಾಲದ್ದು ಹೇಳಕ್ಕ ಅಂದಳು. ಚಿನ್ನಕ್ಕ ಹೇಳಿದಳು. ತಾಯಿ ಸತ್ತ ಮರಿಯ ಬೆನ್ನಿಗೆ ಉಪ್ಪು ಹಚ್ಚಿ ಬೇರೆ ತಾಯಿಯ ಮುಂದೆ ಬಿಡುವುದು, ಅದು ನೆಕ್ಕುತ್ತ ನೆಕ್ಕುತ್ತ ತನ್ನದೇ ಅಂದುಕೊಳ್ಳುವುದು. ಕತ್ತಲಲ್ಲಿ ಕೆಮ್ಮು ಕೇಳಿಯೇ ಇದು ಯಾವ ಕುರಿ ಎಂದು ತಿಳಿಯುವುದು. ಹೊಲದವರು ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿಕೊಂಡು, ಬೆಳಗ್ಗೆ ರಾಗಿ ಅಳೆದು ಕೊಡುವಾಗ ಹೆಬ್ಬೆರಳನ್ನು ಸೇರಿನ ಒಳಗೆ ಇಟ್ಟು ಮೋಸ ಮಾಡುವುದು. ಗಂಗೋತ್ರಿ ಅದನ್ನು ಸೈಟಿಗೆ ಹಾಕಿ ಕೇಳಿಸಿದಾಗ ಚಿನ್ನಕ್ಕ ಕತ್ತರಿ ಕೆಳಗಿಟ್ಟಳು. ನನ್ನ ದನಿ ಹೀಗಿದೆಯೇ ಎಂದು ಕೇಳಿ, ಇನ್ನೊಮ್ಮೆ ಹಾಕು ಅಂದಳು. ಬಳ್ಳಾರಿಯಿಂದ ಯಾರೋ ಒಬ್ಬರು, ನಮ್ಮ ಅಜ್ಜಿ ಮಾತಾಡಿದ ಹಾಗೆ ಆಯಿತು ಎಂದು ಬರೆದಿದ್ದನ್ನು ಗಂಗೋತ್ರಿ ಓದಿ ಹೇಳಿದಳು. ಅಂದಿನಿಂದ ದಿನಾ ಸಂಜೆ ಚಿನ್ನಕ್ಕನ ಮೊದಲ ಪ್ರಶ್ನೆ, ಇವತ್ತು ಎಷ್ಟು ಮಂದಿ ಕೇಳಿದರು ಎಂಬುದು. ಕಡಿಮೆ ಇದ್ದ ದಿನ ಗಂಗೋತ್ರಿ ಸ್ವಲ್ಪ ಸೇರಿಸಿಯೇ ಹೇಳುತ್ತಿದ್ದಳು.

ಆ ಹೊಸ್ತಿಲಿಗೆ ಬಂದು ಕೂರುತ್ತಿದ್ದ ಇನ್ನೊಬ್ಬಳು ಅನ್ನದಾನಮ್ಮ. ಎದುರು ಮನೆಯಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಳು. ಅವಳ ಎರಡೂ ಕೈ ಸುಟ್ಟು, ಬೆರಳುಗಳು ಒಳಕ್ಕೆ ಮಡಚಿಕೊಂಡು ಅಂಟಿಹೋಗಿದ್ದವು. ಮುಂಚೆ ಅವಳೂ ಉಜ್ಜಿನಪ್ಪನಲ್ಲೇ ಕೆಲಸಕ್ಕಿದ್ದಳಂತೆ, ಪ್ಯಾಂಟುಗಳ ಬಣ್ಣ ಇಳಿಸುವ ಶೆಡ್ಡಿನಲ್ಲಿ. ಮನೆಯಲ್ಲಿ ಸ್ನಾನದ ನೀರು ಇಳಿಸುವಾಗ ಮೈಮೇಲೆ ಬಿತ್ತು ಎಂದು ಕೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಣ್ಣ ಅತ್ತಿಗೆ ಬೆಳಗ್ಗೆ ಬೇಗ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಆಮೇಲೆ ಚಿನ್ನಕ್ಕ ಹೋಗಿ ಅವಳ ತಲೆ ಬಾಚಿ, ಜಡೆ ಹಾಕಿ, ಎರಡು ತುತ್ತು ಕಲಸಿ ತಿನ್ನಿಸಿ, ತಾನು ಯೂನಿಟ್ಟಿಗೆ ಓಡುತ್ತಿದ್ದಳು. ಸಂಜೆ ಮತ್ತೆ ಅದೇ. ರಕ್ತಸಂಬಂಧ ಇಲ್ಲದೆ ಹೀಗೆ ಮಾಡುವವರು ಯಾರಿದ್ದಾರೆ ಎಂದು ಗಂಗೋತ್ರಿ ಗಂಡನ ಮುಂದೆ ಎಷ್ಟೋ ಸಲ ಹೊಗಳಿದ್ದಳು.

ಅನ್ನದಾನಮ್ಮ ನೆಂಟರ ಮನೆಯ ಮದುವೆಗೆಂದು ಬೆಳುಗುಪ್ಪಕ್ಕೆ ಹೋಗಿದ್ದ ಒಂದು ಭಾನುವಾರ, ಗಂಗೋತ್ರಿ ಚಿನ್ನಕ್ಕನ ಹೊಲಿಗೆಯ ಬದುಕನ್ನು ರೆಕಾರ್ಡ್ ಮಾಡುತ್ತಿದ್ದಳು. ಮೊದಲ ಸಲ ಮೆಷಿನ್ನಿನ ಸೂಜಿ ಉಗುರಿನಲ್ಲಿ ಇಳಿದದ್ದು, ನೀಲಿ ಬಣ್ಣ ಅಂಟಿದ ಕೈಯಿಂದ ಮುದ್ದೆ ಮುರಿದದ್ದು, ಇದೆಲ್ಲ ಆಯಿತು. ಅಲ್ಲಿ ಯಾರಿಗೂ ಪೆಟ್ಟು ಆಗಲಿಲ್ಲವೇ ಎಂದು ಗಂಗೋತ್ರಿ ಸುಮ್ಮನೆ ಕೇಳಿದಳು. ಚಿನ್ನಕ್ಕ ಸ್ವಲ್ಪ ಹೊತ್ತು ದಾರ ಕತ್ತರಿಸಿದಳು. ಆಮೇಲೆ ದನಿ ಬದಲಿಸದೆ ಹೇಳಿದಳು.

"ಅನ್ನದಾನಮ್ಮನ ಕೈ ಸುಟ್ಟಿದ್ದು ಮನಿಯಾಗ ಅಲ್ಲವ್ವ. ಶೆಡ್ಡಿನಾಗ. ನಾ ಅಲ್ಲೇ ನಿಂತಿದ್ದೆ. ಕುದಿಯೂ ನೀರಿನ ತೊಟ್ಟಿ ಕಾಲು ಮುರದು ಹೋಗಿತ್ತು, ಕಲ್ಲು ಕೊಟ್ಟು ನಿಲ್ಲಿಸಿದ್ರು. ಅದು ವಾಲಿ ಆಕಿ ಮ್ಯಾಲ ಬಂತು. ವಿಚಾರಣೆಗೆ ಬಂದೋರಿಗೆ ನಾನ ಹೇಳಿದ್ದು, ಸ್ನಾನದ ನೀರು ಇಳಿಸೂವಾಗ ಬಿತ್ತು, ನಾ ಕಣ್ಣಾರ ನೋಡೀನಿ ಅಂತ. ಉಜ್ಜಿನಪ್ಪ ಹೇಳಿಕೊಟ್ಟಿದ್ದ. ಹೇಳಲಿಲ್ಲ ಅಂದ್ರ ನಾಳಿಂದ ಬರಬ್ಯಾಡ ಅಂದಿದ್ದ."

ಚಿನ್ನಕ್ಕ ಮುಂದುವರಿಸಿ, ಅದಕ್ಕೇ ತಲೆ ಬಾಚುತ್ತೇನೆ, ಬಾಚಿದರೆ ಅದು ಹೋಗುವುದಿಲ್ಲ ಎಂದೂ ಗೊತ್ತು ಅಂದಳು. ಕೈಯಲ್ಲಿದ್ದ ಪ್ಯಾಂಟು ಮುಗಿಸಿ ಮಡಿಸಿಟ್ಟ ಮೇಲೆ ಅವಳ ಕಣ್ಣು ಫೋನಿನ ಮೇಲೆ ಬಿತ್ತು.

"ಇದೊಂದು ಮಾತು ತೆಗದುಬಿಡವ್ವ ಗಂಗವ್ವ. ಉಳದಿದ್ದು ಹಾಕು."

ಗಂಗೋತ್ರಿ ಅವತ್ತೇ ತೆಗೆದಳು. ಲ್ಯಾಪ್‌ಟಾಪನ್ನು ಚಿನ್ನಕ್ಕನ ಮನೆಗೆ ಒಯ್ದು, ಅವಳ ಎದುರಿಗೇ ಆ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಪೂರ್ತಿ ಕೇಳಿಸಿದಳು. ಮಾತು ಉಗುರಿನ ಸೂಜಿಯಿಂದ ಮುದ್ದೆಗೆ, ಮುದ್ದೆಯಿಂದ ಕರೆಂಟು ಹೋದ ದಿನಗಳಿಗೆ ಸರಾಗವಾಗಿ ದಾಟಿತು. ನಡುವೆ ಏನೋ ಇತ್ತೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಚಿನ್ನಕ್ಕ ತಲೆಯಾಡಿಸಿ, ಹಾಕು ಅಂದಳು.

ಆದರೆ ಕತ್ತರಿಸುವ ಮೊದಲಿನ ಫೈಲು ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. 'ಚಿನ್ನಕ್ಕ ಪೂರ್ತಿ' ಎಂದು ಅದಕ್ಕೆ ಹೆಸರಿಟ್ಟು ಸೈಟಿನ ಫೋಲ್ಡರಿನಲ್ಲೇ ಇಟ್ಟಿದ್ದಳು. ಅದನ್ನು ಅಳಿಸಲು ಮನಸ್ಸಾಗಿರಲಿಲ್ಲ. ಹಾಕುವುದಿಲ್ಲ, ಆದರೆ ಇರಲಿ, ಎಂದಾದರೂ ಒಂದು ದಿನ ಚಿನ್ನಕ್ಕನೇ ಬೇಕು ಅನ್ನಬಹುದು ಎಂದುಕೊಂಡಿದ್ದಳು. ಆ ಲ್ಯಾಪ್‌ಟಾಪು ಹಳೆಯದು, ಯಾವಾಗ ಕೈ ಕೊಡುತ್ತದೋ ಹೇಳುವಂತಿರಲಿಲ್ಲ. ಹಾಗಾಗಿ ಸೈಟಿನ ಫೋಲ್ಡರಿನಲ್ಲಿ ಏನಿದೆಯೋ ಅದೆಲ್ಲ ತಾನಾಗಿ ಕ್ಲೌಡಿಗೆ ಹೋಗಿ ಕೂರುವಂತೆ ಮಾಡಿಟ್ಟಿದ್ದಳು. ಒಂದೊಂದೇ ಫೈಲಿಗೆ ಯಾರು ನೋಡಬಹುದು ಎಂದು ಹೇಳುತ್ತ ಹೋಗುವುದು ರಗಳೆ ಅನ್ನಿಸಿ, ಶುರುವಿನಲ್ಲೇ ಒಂದು ಆಯ್ಕೆ ಒತ್ತಿದ್ದಳು: ಇಲ್ಲಿರುವುದನ್ನೆಲ್ಲ ಎಲ್ಲರೂ ನೋಡಬಹುದು. ಪುಟದಲ್ಲಿ ಕೊಂಡಿ ಕೊಡದಿದ್ದರೆ ಯಾರಿಗೆ ಸಿಗುತ್ತದೆ ಎಂಬ ಧೈರ್ಯ. ಅವಳಿಗೆ ಹೇಳಿಕೊಟ್ಟ ವೀಡಿಯೋದಲ್ಲೂ ಹಾಗೇ ಒತ್ತಿದ್ದರು.

ಹನುಮಂತರಾಯನ ಸೋದರತ್ತೆಯ ಮಗ ತಿಮ್ಮರಾಜು ಊರಿನಲ್ಲಿ ಒಂದು ಯೂಟ್ಯೂಬ್ ನ್ಯೂಸ್ ಚಾನೆಲ್ ನಡೆಸುತ್ತಿದ್ದ. ಚಾನೆಲ್ ಎಂದರೆ ಅವನು, ಅವನ ಫೋನು, ಒಂದು ಮೈಕು. ಸುದ್ದಿಯೆಲ್ಲ ತೆಲುಗಿನಲ್ಲಿ. ಊಟಕ್ಕೆ ಬಂದಾಗಲೆಲ್ಲ ಗಂಗೋತ್ರಿಯ ಸೈಟನ್ನು ಹೊಗಳುತ್ತಿದ್ದ. ಇಷ್ಟು ಕಡಿಮೆ ಖರ್ಚಿನಲ್ಲಿ ಹೇಗೆ ನಿಲ್ಲಿಸಿದಿರಿ ಎಂದು ಕೇಳಿ, ಅವಳಿಂದ ಎಲ್ಲ ಬಿಡಿಸಿ ಹೇಳಿಸಿಕೊಂಡಿದ್ದ. ಅವಳಿಗೆ ಅದು ಖುಷಿ ಕೊಟ್ಟಿತ್ತು. ಅವಳು ಮಾಡಿದ ಕೆಲಸದ ಬಗ್ಗೆ ಆ ಮನೆಯಲ್ಲಿ ಪ್ರಶ್ನೆ ಕೇಳುತ್ತಿದ್ದವನು ಅವನೊಬ್ಬನೇ.

ಮುನ್ಸಿಪಲ್ ಚುನಾವಣೆ ಬರುವುದಿತ್ತು. ಉಜ್ಜಿನಪ್ಪ ಗಂಗೋತ್ರಿಯವರ ವಾರ್ಡಿನಿಂದ ನಿಲ್ಲುತ್ತಾನೆ ಎಂಬ ಮಾತಿತ್ತು. ತಿಮ್ಮರಾಜು ಎದುರು ಪಾರ್ಟಿಯವರ ಹಿಂದೆ ಓಡಾಡುತ್ತಿದ್ದ. ಒಂದು ಮಧ್ಯಾಹ್ನ ಊಟ ಮಾಡುತ್ತ, ಆ ಚಿನ್ನಕ್ಕ ಉಜ್ಜಿನಪ್ಪನ ಹತ್ತಿರವೇ ಅಲ್ಲವೇ ಕೆಲಸ ಮಾಡುವುದು, ಇಷ್ಟೆಲ್ಲ ಮಾತಾಡಿದವಳು ಅನ್ನದಾನಮ್ಮನ ಕೈ ಬಗ್ಗೆ ಏನೂ ಹೇಳಲಿಲ್ಲವೇ ಎಂದು ಕೇಳಿದ. ಗಂಗೋತ್ರಿ ಇಲ್ಲ ಅಂದಳು. ಅನ್ನುವ ಮೊದಲು ಸಾರಿನ ಪಾತ್ರೆಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದಳು. ತಿಮ್ಮರಾಜು ಬೇರೆ ಮಾತಿಗೆ ಹೋದ. ಮಜ್ಜಿಗೆ ಚೆನ್ನಾಗಿದೆ ಅಂದ.

ಅದಾದ ಕೆಲವೇ ದಿನಕ್ಕೆ, ಶಾಲೆಯ ಬಿಡುವಿನ ವೇಳೆಯಲ್ಲಿ ಹನುಮಂತರಾಯ ಫೋನ್ ಮಾಡಿ, ತಿಮ್ಮರಾಜುವಿನ ಚಾನೆಲ್ ನೋಡು ಅಂದ. ಬೇರೇನೂ ಹೇಳಲಿಲ್ಲ. ಗಂಗೋತ್ರಿ ತೆರೆದಳು. ಅನ್ನದಾನಮ್ಮನ ಸುಟ್ಟ ಕೈಗಳ ಫೋಟೋ, ಕೆಳಗೆ ತೆಲುಗು ಅಕ್ಷರ, ಹಿಂದೆ ಸಿನಿಮಾದ ಹಾಗಿನ ಸಂಗೀತ, ಅದರ ನಡುವೆ ಚಿನ್ನಕ್ಕನ ದನಿ. ವಿಚಾರಣೆಗೆ ಬಂದೋರಿಗೆ ನಾನ ಹೇಳಿದ್ದು. ಅಷ್ಟನ್ನು ಎರಡು ಸಲ ಹಾಕಿದ್ದ. ಪೂರ್ತಿ ಕೇಳಬೇಕಾದವರಿಗೆ ಎಂದು ಕೆಳಗೆ ಗಂಗೋತ್ರಿಯ ಸೈಟಿನ ಫೈಲಿಗೇ ನೇರವಾಗಿ ಕೊಂಡಿ ಕೊಟ್ಟಿದ್ದ.

ಅವಳು ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದಾಗ ತಿಮ್ಮರಾಜು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಹನುಮಂತರಾಯ ತಲೆ ತಗ್ಗಿಸಿ ಯಾವುದೋ ಫೋನಿನ ಸ್ಕ್ರೂ ಬಿಚ್ಚುತ್ತಿದ್ದ. ತಿಮ್ಮರಾಜು ಅವಳನ್ನು ಅತ್ತಿಗೆ ಎನ್ನುವುದಕ್ಕೆ ತೆಲುಗಿನಲ್ಲಿ ವದಿನಾ ಎಂದೇ ಕರೆಯುತ್ತಿದ್ದ. ಈಗಲೂ ಹಾಗೇ ಕರೆದ.

"ನಾ ಏನೂ ಕಳ್ಳತನ ಮಾಡಿಲ್ರಿ ವದಿನಾ. ಬಾಗಿಲು ತೆಗದ ಇತ್ತು. ತೆಗದಿಟ್ಟೋರು ನೀವ."

ಹೇಗೆ ಎಂದು ಅವನೇ ತೋರಿಸಿದ, ಪಾಠ ಮಾಡುವವನ ಹಾಗೆ. ಸೈಟಿನಲ್ಲಿದ್ದ ಚಿನ್ನಕ್ಕನ ಒಂದು ರೆಕಾರ್ಡಿಂಗಿನ ವಿಳಾಸ ತೆಗೆದುಕೊಂಡ. ಅದರ ಕೊನೆಯಲ್ಲಿದ್ದ ಫೈಲಿನ ಹೆಸರನ್ನು ಅಳಿಸಿ ಒತ್ತಿದ. ಆ ಜಾಗದಲ್ಲಿ ಇದ್ದಬದ್ದ ಫೈಲುಗಳ ಹೆಸರೆಲ್ಲ ಸಾಲಾಗಿ ಬಂದು ನಿಂತವು. ಅವಳು ಪುಟಕ್ಕೆ ಹಾಕಿದವು, ಹಾಕದೆ ಬಿಟ್ಟವು, ಅವಳ ಅಮ್ಮನ ಫೋಟೋಗಳು, ಬರೆದು ನಾಚಿಕೊಂಡು ಒಳಗಿಟ್ಟಿದ್ದ ಎರಡು ಕವಿತೆ, ಚಿನ್ನಕ್ಕ ಪೂರ್ತಿ. ಸುಳ್ಳೇನಾದರೂ ಹಾಕಿದ್ದೇನೆಯೇ, ಆ ಹೆಂಗಸಿಗೆ ನ್ಯಾಯ ಸಿಗುವುದು ನಿಮಗೆ ಬೇಡವೇ ಎಂದು ಅವನು ಕೇಳಿದ. ಬೇಡ ಎಂದು ಹೇಗೆ ಹೇಳುವುದು. ಗಂಗೋತ್ರಿ ಗಂಡನ ಕಡೆ ನೋಡಿದಳು. ಅವನು ಸ್ಕ್ರೂ ಕೆಳಗೆ ಬಿತ್ತು ಎಂದು ಬಗ್ಗಿ ಹುಡುಕುತ್ತಿದ್ದ.

ಅಲ್ಲಿಂದ ಬಂದವಳೇ ಎಲ್ಲವನ್ನೂ ಅಳಿಸಿದಳು. ಕ್ಲೌಡಿನಲ್ಲಿದ್ದದ್ದು, ಲ್ಯಾಪ್‌ಟಾಪಿನಲ್ಲಿದ್ದದ್ದು, ಫೋನಿನಲ್ಲಿದ್ದದ್ದು. ಯಾವುದು ಇರಲಿ ಯಾವುದು ಬೇಡ ಎಂದು ಆರಿಸುವ ಸಹನೆ ಇರಲಿಲ್ಲ. ಅಷ್ಟು ಹೊತ್ತಿಗಾಗಲೇ ಊರಿನ ಪ್ರತಿ ಯೂನಿಟ್ಟಿನ ಪ್ರತಿ ಫೋನಿಗೂ ಅದು ತಲುಪಿ ಆಗಿತ್ತು. ಆ ತಿಂಗಳ ಕ್ಲೌಡಿನ ಬಿಲ್ಲೂ ಯಾವತ್ತಿನ ಹಾಗೆ ಟೀ ಖರ್ಚಿನಷ್ಟೇ ಬರಲಿಲ್ಲ. ಊರೆಲ್ಲ ಇಳಿಸಿಕೊಂಡು ಕೇಳಿದ್ದರ ಲೆಕ್ಕ ಅದರಲ್ಲಿ ಇತ್ತು. ಹನುಮಂತರಾಯ ಅದನ್ನು ಕಟ್ಟಿ, ಕಾರ್ಡಿನ ನಂಬರನ್ನು ಅಲ್ಲಿಂದ ತೆಗೆಸಿದ. ಬೈಯಲಿಲ್ಲ. ತಿಮ್ಮರಾಜುವಿನ ಜೊತೆ ಟೀ ಕುಡಿಯುವುದನ್ನೂ ಬಿಡಲಿಲ್ಲ.

ಉಜ್ಜಿನಪ್ಪ ಜಾಣ. ಕೂಗಾಡಲಿಲ್ಲ. ಮರುದಿನ ಚಿನ್ನಕ್ಕ ಕೆಲಸಕ್ಕೆ ಹೋದಾಗ ಅವಳ ಮೆಷಿನ್ನಿನಲ್ಲಿ ಬೇರೆಯವಳು ಕೂತಿದ್ದಳು. ವಾಪಸು ಬರುವಾಗ ಇನ್ನೆರಡು ಯೂನಿಟ್ಟುಗಳಲ್ಲಿ ಕೇಳಿದಳಂತೆ. ಜಾಗ ಇಲ್ಲ ಅಂದರು. ಅಲ್ಲಿಂದ ಮುಂದೆ ಕೇಳಲು ಹೋಗಲಿಲ್ಲ. ಉಜ್ಜಿನಪ್ಪ ಹಣ್ಣಿನ ಬುಟ್ಟಿ ಹಿಡಿದು ಅನ್ನದಾನಮ್ಮನ ಮನೆಗೆ ಬಂದ. ಅವಳ ಪಕ್ಕ ಕೂತು ಫೋಟೋ ತೆಗೆಸಿಕೊಂಡ. ನನಗೆ ಯಾರೋ ಸುಳ್ಳು ಹೇಳಿದ್ದರು, ಇವಳು ನಮ್ಮ ಮನೆ ಮಗಳಿದ್ದ ಹಾಗೆ ಅಂದ. ಅವಳ ಅಣ್ಣನಿಗೆ ಅದೇ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಕೆಲಸ ಸಿಕ್ಕಿತು. ಹಳೆಯ ವಿಚಾರಣೆಯನ್ನು ಮತ್ತೆ ತೆಗೆಸಿರಿ ಎಂದು ಕೇಳುವವರೇ ಇರಲಿಲ್ಲ. ಕೇಳಬೇಕಾದವನು ಕಟಿಂಗ್ ಟೇಬಲ್ಲಿನ ಮುಂದೆ ನಿಂತಿದ್ದ.

ಗಂಗೋತ್ರಿ ಎರಡು ದಿನ ಧೈರ್ಯ ಸಾಲದೆ, ಮೂರನೆಯ ದಿನ ಚಿನ್ನಕ್ಕನ ಮನೆಗೆ ಹೋದಳು. ಚಿನ್ನಕ್ಕ ಒಳಗೆ ಗೋಡೆಗೆ ಒರಗಿ ಕೂತಿದ್ದಳು.

"ನನ್ನೆದುರಿಗೇ ತೆಗದ್ಯಲ್ಲವ್ವ ನೀನು."

"ತೆಗ್ದಿದ್ದೆ ಕಣಕ್ಕ. ಪುಟದಾಗಿಂದ ತೆಗ್ದಿದ್ದೆ. ಆದ್ರೆ ಮೊದ್ಲಿಂದು ಇನ್ನೊಂದು..."

ಗಂಗೋತ್ರಿ ಎಲ್ಲವನ್ನೂ ಹೇಳಿದಳು. ಫೋಲ್ಡರಿನ ಬಗ್ಗೆ, ತಾನಾಗಿ ಹೋಗಿ ಕೂರುವುದರ ಬಗ್ಗೆ, ಒತ್ತಬಾರದಿದ್ದ ಒಂದು ಆಯ್ಕೆಯ ಬಗ್ಗೆ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಶಾಲೆಯ ಪಾಠದ ಹಾಗೆ ಕೇಳಿಸಿತು. ಚಿನ್ನಕ್ಕ ಕೊನೆಯ ತನಕ ಕೇಳಿದಳು.

"ಅಂದ್ರ ತೆಗದಿದ್ದಿಲ್ಲ," ಅಂದಳು.

ಎದುರು ಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿತ್ತು. ಸುದ್ದಿ ಹರಡಿದ ಮರುದಿನ ಬೆಳಗ್ಗೆಯೂ ಚಿನ್ನಕ್ಕ ಬಾಚಣಿಗೆ ಹಿಡಿದು ಅಲ್ಲಿಗೆ ಹೋಗಿದ್ದಳು ಎಂದು ಕೇರಿಯವರು ಹೇಳಿದರು. ಬಹಳ ಹೊತ್ತು ನಿಂತಿದ್ದು, ತಿರುಗಿ ಬಂದಳಂತೆ. ಇದನ್ನಾದರೂ ಸರಿಮಾಡಬಹುದೇ ಎಂದು ಗಂಗೋತ್ರಿ ಅನ್ನದಾನಮ್ಮನ ಹತ್ತಿರ ಹೋದಳು. ಅನ್ನದಾನಮ್ಮ ಒಬ್ಬಳೇ ಇದ್ದಳು. ತಲೆಗೂದಲು ಸಿಕ್ಕುಗಟ್ಟಿ ಬೆನ್ನ ಮೇಲೆ ಬಿದ್ದಿತ್ತು. ಚಿನ್ನಕ್ಕನಿಗೆ ಆಗ ಬೇರೆ ದಾರಿ ಇರಲಿಲ್ಲ, ನಿಮ್ಮ ಮೇಲೆ ಅವಳಿಗೆ ಎಷ್ಟು ಪ್ರೀತಿ ಎಂದು ಗಂಗೋತ್ರಿ ಮೆಲ್ಲಗೆ ಶುರುಮಾಡಿದಳು. ಅನ್ನದಾನಮ್ಮ ಅವಳನ್ನು ತಡೆದಳು.

"ನಂಗ ಮೊದ್ಲ ಗೊತ್ತಿತ್ತವ್ವ."

ಗಂಗೋತ್ರಿ ಅವಳ ಮುಖ ನೋಡಿದಳು.

"ವಿಚಾರಣೆಗೆ ಬಂದೋರು ನಂಗ ಕೇಳಿದ್ರಲ್ಲ, ಎದುರು ಮನಿ ಆಕಿ ಹಿಂಗ ಹೇಳ್ಯಾಳ, ನಿಜಾನಾ ಅಂತ. ಅವತ್ತ ಗೊತ್ತಾತು. ಮೈಯೆಲ್ಲ ಉರೀತಿತ್ತು, ಹೂಂ ಅಂದೆ. ಆಮ್ಯಾಗ ಆಕಿ ಬಾಚಣಿಗಿ ಹಿಡಕಂಡು ಬಂದ್ಲು. ನಂಗೂ ಯಾರರ ಬೇಕಾಗಿತ್ತು. ನಾ ಬಾಯಿ ಬಿಟ್ರ ಆಕಿ ನಾಳಿಂದ ಬರೂದಿಲ್ಲ. ಆಕಿ ಬಾಯಿ ಬಿಟ್ರ ನಾ ಬಾಗಿಲು ತೆಗಿಯಂಗಿಲ್ಲ. ಇಬ್ರೂ ಸುಮ್ಮನಿದ್ವಿ. ಹಂಗ ನಡದಿತ್ತು."

ಅವಳು ಮಡಚಿಹೋದ ಕೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ಈಗ ಊರಿಗೆಲ್ಲ ಗೊತ್ತಾಗೈತಿ. ನಂಗ ಗೊತ್ತೈತಿ ಅನ್ನೂದೂ ಊರಿಗೆ ಗೊತ್ತಾಗೈತಿ. ಅಣ್ಣನ ಮನಿಯಾಗ ಕುಂತಕಂಡು ಆಕಿ ಕೈಲಿ ಹೆಂಗ ತಲಿ ಬಾಚಿಸ್ಕೊಳ್ಳಲಿ ಹೇಳು."

ಅವಳ ಅತ್ತಿಗೆ ಸಂಜೆ ಬಂದು ಬಾಚುತ್ತಾಳಾ ಎಂದು ಗಂಗೋತ್ರಿ ಕೇಳಿದಳು. ಅನ್ನದಾನಮ್ಮ ಮೊಣಕೈಯಿಂದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. ನಾನು ಬಾಚಲಾ ಎಂದು ಕೇಳಿದ್ದಕ್ಕೆ, ಬೇಡ, ನೀನು ಇನ್ನು ಈ ಕಡೆ ಬರಬೇಡ ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಸುಸ್ತಾದವರು ಹೇಳುವ ಹಾಗೆ ಹೇಳಿದಳು.

ಚಿನ್ನಕ್ಕ ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿದಳು. ಅವಳ ತಂಗಿಯ ಮಗಳು ಮಂಜುಳಾಳನ್ನು ರೊಳ್ಳದ ಹತ್ತಿರದ ಊರಿಗೆ ಕೊಟ್ಟಿದ್ದರು. ಅವರಿಗೆ ಹಿಪ್ಪುನೇರಳೆ ತೋಟವಿತ್ತು. ರೇಷ್ಮೆಹುಳಕ್ಕೆ ಸೊಪ್ಪು ಹಾಕಲು ಕೈ ಬೇಕಿತ್ತು. ಯಾವ ಬಸ್ಸಿಗೆ ಹೋದಳೆಂದು ಗಂಗೋತ್ರಿಗೆ ತಿಳಿಯಲಿಲ್ಲ. ಶಾಲೆಯಿಂದ ಬಂದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು.

ಚುನಾವಣೆಯಲ್ಲಿ ಉಜ್ಜಿನಪ್ಪ ಗೆದ್ದ. ಸುಟ್ಟ ಕೈಗಳ ಹೆಂಗಸಿನ ಪಕ್ಕ ಕೂತ ಅವನ ಫೋಟೋ ಅವನ ಪೋಸ್ಟರುಗಳಲ್ಲಿತ್ತು. ಗೆದ್ದ ಮೇಲೆ ಅವನಿಗೆ ಸನ್ಮಾನ ಮಾಡಿದ್ದನ್ನು ತಿಮ್ಮರಾಜು ತನ್ನ ಚಾನೆಲ್‌ನಲ್ಲಿ ಶುರುವಿನಿಂದ ಕೊನೆಯ ತನಕ ನೇರವಾಗಿ ತೋರಿಸಿದ. ಯೂನಿಟ್ಟಿನ ಜಾಹೀರಾತೂ ಅವನಿಗೆ ಸಿಗತೊಡಗಿತು. ಹಳೆಯ ವೀಡಿಯೋ ತೆಗೆದುಬಿಡು ಎಂದು ಗಂಗೋತ್ರಿ ಒಮ್ಮೆ ಹೇಳಿಸಿದಾಗ, ಅದಕ್ಕೆ ಒಳ್ಳೆ ವ್ಯೂಸ್ ಇದೆ, ಉಜ್ಜಿನಪ್ಪನವರೇ ಇರಲಿ ಅಂದಿದ್ದಾರೆ ಎಂದನಂತೆ. ತಪ್ಪು ತಿದ್ದಿಕೊಂಡ ದೊಡ್ಡ ಮನುಷ್ಯ ಎಂಬ ಹೆಸರು ಅದರಿಂದಲೇ ಬಂದಿತ್ತು. ಅದೇ ಸುಮಾರಿಗೆ ಶಾಲೆಯ ಆಡಳಿತದವರು ಗಂಗೋತ್ರಿಯನ್ನು ಕರೆದು, ನಿಮಗೆ ಕಡಿಮೆ ಖರ್ಚಿನಲ್ಲಿ ವೆಬ್‌ಸೈಟ್ ಮಾಡಲು ಬರುತ್ತದಂತಲ್ಲ, ನಮಗೂ ಒಂದು ಮಾಡಿಕೊಡಿ ಅಂದರು. ಮಾಡಿಕೊಟ್ಟಳು. ಫೀಜಿನ ವಿವರ, ಬಸ್ಸು ಹೋಗುವ ದಾರಿ, ರ‍್ಯಾಂಕ್ ಬಂದ ಮಕ್ಕಳ ಫೋಟೋ. ಯಾವುದನ್ನು ಯಾರು ನೋಡಬಹುದು ಎಂದು ಒಂದೊಂದೇ ಫೈಲಿಗೆ ಕೂತು ಹೇಳಿದಳು. ಅವರಿಗೆ ಬಹಳ ಸಂತೋಷವಾಯಿತು.

ಯುಗಾದಿಗೆ ತವರಿಗೆ ಹೊರಟ ಗಂಗೋತ್ರಿ ಮಡಕಶಿರ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಹೂವಿನ ಅಂಗಡಿಗಳ ಪಕ್ಕ ಒಂದು ಚೀಲ ಇಟ್ಟುಕೊಂಡು ಚಿನ್ನಕ್ಕ ನಿಂತಿದ್ದಳು. ಸೊರಗಿಹೋಗಿದ್ದಳು. ಬೆರಳುಗಳಲ್ಲಿ ನೀಲಿ ಹೋಗಿ ಸೊಪ್ಪಿನ ಕಪ್ಪು ಹಿಡಿದಿತ್ತು. ಗಂಗೋತ್ರಿ ತಪ್ಪಿಸಿಕೊಂಡು ಹೋಗಬಹುದಿತ್ತು. ಹತ್ತಿರ ಹೋದಳು. ಚಿನ್ನಕ್ಕ ಅವಳನ್ನು ನೋಡಿ, ಆರಾಮಿದ್ದೀಯಾ ಎಂದು ಕೇಳಿದಳು. ಹುಳ ಈ ಸಲ ಚೆನ್ನಾಗಿ ಗೂಡು ಕಟ್ಟಿದ್ದು, ಮಂಜುಳಾ ಬಸುರಿಯಾಗಿರುವುದು, ಇಲ್ಲಿಯ ಜನ ತನ್ನ 'ರೀ' ಕೇಳಿ ನಗುವುದು, ಇವನ್ನೆಲ್ಲ ಹೇಳಿದಳು. ಅನ್ನದಾನಮ್ಮನ ಹೆಸರು ಎತ್ತಲಿಲ್ಲ. ಗಂಗೋತ್ರಿಯೂ ಎತ್ತಲಿಲ್ಲ. ಆಮೇಲೆ ಚಿನ್ನಕ್ಕ ಕೇಳಿದಳು.

"ಆ ಕುರಿ ಮಾತು ಐತೇನು ಅದರಾಗ?"

"ಇಲ್ಲ ಕಣಕ್ಕ. ಎಲ್ಲಾ ಅಳ್ಸಿಬಿಟ್ಟೆ. ಅವತ್ತೇ."

"ಕುರೀದೂ?"

"ಎಲ್ಲಾ."

"ಅದನ್ಯಾಕ ತೆಗದೆ. ಅದರಾಗೇನಿತ್ತು ತಪ್ಪು."

ಮಂಜುಳಾಳ ಊರಿನಲ್ಲೂ ಅವಳ ಮೈದುನನ ಫೋನಿಗೆ ಆ ವೀಡಿಯೋ ಬಂದಿತ್ತು, ಮನೆಯವರೆಲ್ಲ ಕೂತು ನೋಡಿದರು ಎಂದು ಚಿನ್ನಕ್ಕ ಹೇಳಿದಳು. ಕುರಿಯ ಮಾತನ್ನು ಅವರಿಗೆ ಕೇಳಿಸೋಣ ಎಂದು ಆಸೆಪಟ್ಟಿದ್ದಳಂತೆ. ಇದೂ ನಾನೇ ಎಂದು ತೋರಿಸುವುದಕ್ಕೆ. ಮೈದುನ ಹುಡುಕಿ ಹುಡುಕಿ, ಸಿಗುವುದಿಲ್ಲ ಅಂದನಂತೆ.

"ಇನ್ನೊಂದ್ಸಲ ಹೇಳಕ್ಕ, ಈಗ್ಲೇ ಹೇಳು," ಅನ್ನುತ್ತ ಗಂಗೋತ್ರಿ ಬ್ಯಾಗಿನಿಂದ ಫೋನ್ ತೆಗೆದಳು. "ಬೇರೆ ಏನೂ ಬ್ಯಾಡ, ಕುರೀದು ಅಷ್ಟೇ. ಈ ಸಲ ನಾನು ಸರಿಯಾಗಿ ಇಡ್ತೀನಿ."

ಚಿನ್ನಕ್ಕ ಅವಳ ಕೈಯಲ್ಲಿದ್ದ ಫೋನನ್ನು ನೋಡಿದಳು. ಕಾಲ ಬಳಿ ಇದ್ದ ಚೀಲವನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡಳು.

"ಮರತೀನವ್ವ," ಅಂದಳು.

ರೊಳ್ಳದ ಬಸ್ಸು ಬಂತು. ಹಬ್ಬದ ಜನ ಮುಗಿಬಿದ್ದರು. ಚಿನ್ನಕ್ಕ ಜನರ ನಡುವೆ ತೂರಿಕೊಂಡು ಹತ್ತಿದಳು. ಒಳಗೆ ಸೀಟು ಸಿಕ್ಕಿತೋ ಇಲ್ಲವೋ ಕಾಣಲಿಲ್ಲ. ಬಸ್ಸು ಹೋದ ಮೇಲೆ ಗಂಗೋತ್ರಿ ಫೋನನ್ನು ಬ್ಯಾಗಿನಲ್ಲಿ ಇಟ್ಟು, ಗುಡಿಬಂಡೆಗೆ ಹೋಗುವ ಆಟೋ ಹುಡುಕಿಕೊಂಡು ಹೊರಟಳು. ಮನೆ ಮುಟ್ಟಿದಾಗ ಬಿಸಿಲಿನಲ್ಲಿ ಅವಳ ಮುಖ ಬಾಡಿದ್ದನ್ನು ನೋಡಿ ತಾಯಿ ನೀರು ಕೊಟ್ಟು, ಯಾಕಿಷ್ಟು ತಡ, ದಾರಿಯಲ್ಲಿ ಯಾರಾದರೂ ಸಿಕ್ಕಿದ್ದರಾ ಎಂದು ಕೇಳಿದಳು. ಯಾರೂ ಸಿಗಲಿಲ್ಲ ಅಂದಳು ಗಂಗೋತ್ರಿ.